ನೋಟ್‌ಬುಕ್ಕು ಯಾರ ಕೈಲಿದೆ?

1916ರಲ್ಲಿ ಮೂರು ಸಂಗತಿಗಳಾದವು. ಮೇ 9ರಂದು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಗೋಲ್ಡನ್‌ವೈಸರ್ ನಡೆಸುತ್ತಿದ್ದ ಮಾನವಶಾಸ್ತ್ರದ ಸೆಮಿನಾರಿನಲ್ಲಿ, ಇಪ್ಪತ್ತೈದರ ಅಂಬೇಡ್ಕರ್ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದರು. ಜುಲೈನಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. ನವೆಂಬರಿನಲ್ಲಿ ಇದೇ ಮೈಸೂರಿನಲ್ಲಿ ಎಂ.ಎನ್. ಶ್ರೀನಿವಾಸ್ ಹುಟ್ಟಿದರು. ಇಲ್ಲಿ ಮಾನವಶಾಸ್ತ್ರ ಓದುವ ಹುಡುಗ ಹುಡುಗಿಯರ ಅಧ್ಯಯನ ಸಂಘ ಹೇಗಿರಬೇಕು ಅಂತ ಯೋಚಿಸುವಾಗ ನನಗೆ ಈ ಮೂರೂ ಒಟ್ಟಿಗೇ ಬೇಕು.

ಕೊಲಂಬಿಯಾದಲ್ಲಿ ಅಸ್ಪೃಶ್ಯ ವಿದ್ಯಾರ್ಥಿ ನಿಂತದ್ದು ಮಾಹಿತಿ ಒದಗಿಸುವವನಾಗಿ ಅಲ್ಲ, ಸಿದ್ಧಾಂತ ಹೇಳುವವನಾಗಿ. ಸೆನಾರ್, ನೆಸ್ಫೀಲ್ಡ್, ರಿಸ್ಲಿ ಅಂಥವರನ್ನು ಎದುರಿಗಿಟ್ಟುಕೊಂಡೇ ಅಂಬೇಡ್ಕರ್ ವಾದ ಹೂಡಿದರು. ಜಾತಿಯ ಜೀವ ಒಳಮದುವೆಯಲ್ಲಿದೆ. ಸತಿ, ವಿಧವೆಯರ ಕಟ್ಟುಪಾಡು, ಬಾಲ್ಯವಿವಾಹ ಎಲ್ಲವೂ ಅದನ್ನು ಕಾಯುವ ಉಪಾಯಗಳು. ಬ್ರಾಹ್ಮಣರು ಮೊದಲು ಬಾಗಿಲು ಹಾಕಿಕೊಂಡರು, ಉಳಿದವರು ಅನುಕರಿಸಿದರು ಅಂದರು. 1952ರಲ್ಲಿ ಕೊಡಗರನ್ನು ಕುರಿತ ಪುಸ್ತಕದಲ್ಲಿ ಶ್ರೀನಿವಾಸರು ಅನುಕರಣೆಯನ್ನೇ ಇನ್ನೊಂದು ಕಡೆಯಿಂದ ನೋಡಿ ಸಂಸ್ಕೃತೀಕರಣ ಅಂದರು. ಕೆಳಗಿನವರು ಹೇಗೆ ಮೇಲೇರುತ್ತಾರೆ ಅಂತ ಕೇಳುವುದು ಬೇರೆ, ಮೇಲಿನವರು ಬಾಗಿಲು ಯಾಕೆ ಹಾಕಿದರು ಅಂತ ಕೇಳುವುದು ಬೇರೆ. ನಮ್ಮ ತರಗತಿಗಳಿಗೆ ಮೊದಲನೆಯದೇ ಹಿತವಾಯಿತು.

1948ರಲ್ಲಿ ಶ್ರೀನಿವಾಸರು 'ರಾಂಪುರ'ದಲ್ಲಿ ಉಳಿದದ್ದು ಊರ ಯಜಮಾನರ ಎತ್ತಿನ ಮನೆಯಲ್ಲಿ. ತನ್ನದು ಮೇಲುಜಾತಿಯ ನೋಟ ಅಂತ ಅವರೇ ಒಪ್ಪಿಕೊಂಡಿದ್ದಾರೆ. ಆ ಪ್ರಾಮಾಣಿಕತೆ ದೊಡ್ಡದು. ಆದರೆ ಒಪ್ಪಿಕೊಂಡ ಮಾತ್ರಕ್ಕೆ ಕೇರಿ ಪುಸ್ತಕದೊಳಕ್ಕೆ ಬಂದುಬಿಡುವುದಿಲ್ಲ. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಟಿಪ್ಪಣಿಗಳು ಸುಟ್ಟುಹೋದವು, ನೆನಪಿನಿಂದ ಬರೆದರು. ನೆನಪಿಗೂ ಜಾತಿ ಇರುತ್ತದೆ.

ನಾನು ಕಂಡ ಒಂದು ಸಂಘದ ರೀತಿ ಹೇಳುತ್ತೇನೆ. ವರ್ಷಕ್ಕೊಮ್ಮೆ ಬಸ್ಸು ಮಾಡಿಕೊಂಡು ಹೆಗ್ಗಡದೇವನಕೋಟೆ ಕಡೆಯ ಜೇನುಕುರುಬರ ಹಾಡಿಗೆ ಹೋಗುತ್ತಾರೆ. ದೇವರು ಯಾವುದು, ಮದುವೆ ಹೇಗೆ, ಪದ ಹಾಡಿ ಅಂತಾರೆ. 1972ರ ವನ್ಯಜೀವಿ ಕಾಯಿದೆಯ ನಂತರ ಕಾಡಿನಿಂದ ಇವರನ್ನು ಹೊರಗೆ ಹಾಕಿದ್ದು ಯಾಕೆ ಅಂತ ಕೇಳುವುದಿಲ್ಲ. ವಾಪಸು ಬಂದ ಮೇಲೆ ಹಾಸ್ಟೆಲ್ಲಿನ ನಮ್ಮ ಹುಡುಗ ಅದನ್ನು ಎತ್ತಿದರೆ, 'ಭಾವಾವೇಶ ಬೇಡಪ್ಪ, ಇದು ಸೈನ್ಸು' ಅಂತ ಕೂರಿಸುತ್ತಾರೆ. ಕೇರಿಯವನ ಅನುಭವ ಸಾಮಗ್ರಿ, ಅವನ ತರ್ಕ ಮಾತ್ರ ಆವೇಶ!

ಸಂಘ ಅನ್ನುವುದು ಪಠ್ಯಕ್ರಮವಲ್ಲ, ಪರೀಕ್ಷೆಯಲ್ಲ. ಅದಕ್ಕೇ ಅಲ್ಲಿ ಬದಲಾವಣೆ ಸಾಧ್ಯ. ಕೇರಿಯಿಂದ, ಹಾಡಿಯಿಂದ ಬಂದವರು ಅಲ್ಲಿ ಪ್ರಬಂಧ ಓದಲಿ. ಬರೆದದ್ದನ್ನು ಯಾರ ಬಗ್ಗೆ ಬರೆದರೋ ಅವರ ಮುಂದೆ ಕನ್ನಡದಲ್ಲಿ ಓದಿ ಬೈಸಿಕೊಳ್ಳಲಿ. ಒಂದು ವರ್ಷ ಬಸ್ಸು ಹಾಡಿಗೆ ಹೋಗುವುದೇ ಬೇಡ. ಅಶೋಕಪುರಂನಿಂದ ಅಗ್ರಹಾರಕ್ಕೆ ಸೈಕಲ್ಲು ಸಾಕು. ಅಲ್ಲಿ ಬಾಗಿಲು ತಟ್ಟಿ, ನಿಮ್ಮಲ್ಲಿ ಮದುವೆ ಯಾರ ಜೊತೆ ಮಾಡ್ತೀರಿ, ಯಾರ ಜೊತೆ ಮಾಡಲ್ಲ, ಯಾಕೆ ಅಂತ ಕೇಳಿ ಬರೆದುಕೊಳ್ಳಲಿ. ಆ ಪ್ರಶ್ನೆಗೆ ನೂರು ವರ್ಷ ದಾಟಿದೆ, ಮೈಸೂರಿನ ಉತ್ತರ ಇನ್ನೂ ಬರೆಯಬೇಕಿದೆ.