ಗಣಕದ ಮನೆಯಲ್ಲಿ ಮೆಂಡೆಲ್

2000ದಲ್ಲಿ ಬಂದ ‘ದ ಸಿಮ್ಸ್’ ಗಣಕ ಆಟದಲ್ಲಿ ಮಕ್ಕಳು ಮಕ್ಕಳಾಗಿಯೇ ಉಳಿಯುತ್ತಿದ್ದರು, ದೊಡ್ಡವರಿಗೆ ಮುಪ್ಪಿರಲಿಲ್ಲ. ಮ್ಯಾಕ್ಸಿಸ್ ಸಂಸ್ಥೆ 2004ರಲ್ಲಿ ಹೊರತಂದ ‘ದ ಸಿಮ್ಸ್ 2’ ಹುಟ್ಟಿನಿಂದ ಸಾವಿನವರೆಗಿನ ಹಂತಗಳನ್ನೂ ಅನುವಂಶೀಯತೆಯನ್ನೂ ಸೇರಿಸಿತು. ಇಲ್ಲಿ ಕಪ್ಪು, ಕಂದು ಕೂದಲು ಪ್ರಬಲ ಗುಣ. ಹೊಂಬಣ್ಣ, ಕೆಂಪು ಅಪ್ರಬಲ. ಕಪ್ಪು ಕೂದಲಿನ ತಂದೆತಾಯಿಗೆ ಹೊಂಗೂದಲಿನ ಮಗು ಹುಟ್ಟಿದರೆ ಬೆರಗಾಗಬೇಡಿ: ಇಬ್ಬರಲ್ಲೂ ಅಡಗಿದ್ದ ವಂಶವಾಹಿಗಳು ಮಗುವಿನಲ್ಲಿ ಜೊತೆಗೂಡಿವೆ. ಮೆಂಡೆಲ್ ಬಟಾಣಿ ಗಿಡಗಳಲ್ಲಿ ಕಂಡ ನಿಯಮ ಆಡುತ್ತಲೇ ಮನದಟ್ಟಾಗುತ್ತದೆ; ಇದು ಮೆಚ್ಚತಕ್ಕ ಅಂಶ.

ಆದರೆ ಎಚ್ಚರ. ನಿಜ ಮನುಷ್ಯರಲ್ಲಿ ಕೂದಲು, ಕಣ್ಣುಗಳ ಬಣ್ಣವನ್ನು ಹಲವು ವಂಶವಾಹಿಗಳು ಸೇರಿ ನಿರ್ಧರಿಸುತ್ತವೆ. ಆಟ ಈ ಜಟಿಲತೆಯನ್ನು ಮರೆಮಾಚುತ್ತದೆ. ಅದರ ಲೆಕ್ಕ ಹಿಡಿದು, ‘ಈ ಮಗು ಯಾರನ್ನೂ ಹೋಲುವುದಿಲ್ಲವಲ್ಲ’ ಎಂದು ಯಾವ ತಾಯಿಯನ್ನೂ ಶಂಕಿಸದಿರಿ.