ರಾಮಣ್ಣ ರೈಗಳ ಮೊಮ್ಮಗ ಯಾವ ಸಾಲಿಗೆ ಹೋಗ್ತಾನ?

'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ' ಸಿನಿಮಾ ನಾನು ಮೂರು ಸಲ ನೋಡಿದ್ದೇನೆ. 2018ರ ಆಗಸ್ಟ್‌ನಲ್ಲಿ ಬಿಡುಗಡೆಯಾದಾಗ ಒಂದು ಸಲ, ಆಮೇಲೆ ಊರಿಗೆ ಹೋದಾಗ ಅಣ್ಣನ ಮಕ್ಕಳ ಜೊತೆ ಮೊಬೈಲಿನಲ್ಲಿ, ಮೊನ್ನೆ ಮತ್ತೊಮ್ಮೆ. ಮಕ್ಕಳ ಸಿನಿಮಾ ಅಂತ ರಾಷ್ಟ್ರಪ್ರಶಸ್ತಿ ಬಂತು, ಬರಲೇಬೇಕಿತ್ತು. ಆ ಹುಡುಗರ ಮಂಗಳೂರು ಕನ್ನಡ, ಮಮ್ಮೂಟ್ಟಿ ಅನ್ನೋ ಹೆಸರಿನ ಹುಡುಗನ ಕಿತಾಪತಿ, ವಾಸುಕಿ ವೈಭವ್ ಸಂಗೀತ, ಇವು ಯಾವುದರ ಬಗ್ಗೆಯೂ ನನ್ನ ತಕರಾರಿಲ್ಲ. ಚಿತ್ರೀಕರಣ ನಡೆದ ಕೈರಂಗಳದ ಸರ್ಕಾರಿ ಶಾಲೆಯನ್ನು ರಿಷಬ್ ಶೆಟ್ಟಿ ಆಮೇಲೆ ದತ್ತು ತಗೊಂಡರು ಅನ್ನೋದೂ ದೊಡ್ಡ ಮಾತೇ.

ನನ್ನ ತಕರಾರು ಇರೋದು ಖಳನಾಯಕನ ಬಗ್ಗೆ.

ಸಿನಿಮಾದಲ್ಲಿ ಕನ್ನಡ ಶಾಲೆ ಮುಚ್ಚಿಸೋಕೆ ಹೊರಗಿನಿಂದ ಒಬ್ಬ ಬರುತ್ತಾನೆ. ಕನ್ನಡ ಬಾರದ ಗಣಿತದ ಮೇಷ್ಟ್ರು, ಅವನ ಬೆನ್ನಿಗೆ ನಿಂತ ಅಧಿಕಾರಿ. ಕಾಸರಗೋಡಿನ ಮಟ್ಟಿಗೆ ಇದು ಸುಳ್ಳಲ್ಲ. 1956ರ ನವೆಂಬರ್ 1ಕ್ಕೆ ಆ ನೆಲ ಕೇರಳಕ್ಕೆ ಹೋಯಿತು, ಅಲ್ಲಿನ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರಾದರು. ಅಂಥವರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲಿ ಸಿಗಬೇಕು ಅಂತ ಸಂವಿಧಾನದ 350ಎ ವಿಧಿಯೇ ಹೇಳುತ್ತದೆ. ಹಾಗಾಗಿ ಅನಂತ್‌ನಾಗ್ ಅವರ ಅನಂತಪದ್ಮನಾಭ ಕೋರ್ಟಿನಲ್ಲಿ ನಿಂತು ವಾದಿಸಿದಾಗ ಕಾನೂನು ಅವರ ಕಡೆಗೇ ಇದೆ, ನಾವೂ ಸಿಳ್ಳೆ ಹೊಡೀತೀವಿ.

ಈಗ ಅದೇ ಅನಂತಪದ್ಮನಾಭರನ್ನು ಗೋಕಾಕದ ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿ ನೋಡ್ರಿ.

ನಮ್ಮ ಕಡೆ ಮಲಯಾಳಿ ಮೇಷ್ಟ್ರು ಬಂದಿಲ್ಲ. ಮೂಡಲಗಿ, ಹುಕ್ಕೇರಿ, ಗೋಕಾಕ ಮೂರೂ ತಾಲೂಕು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರುತ್ತವೆ. ಈ ಸಿನಿಮಾ ಬಂದ 2018ರಲ್ಲೇ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉಡುಪಿ, ಉತ್ತರ ಕನ್ನಡ ಬಿಟ್ಟರೆ ರಾಜ್ಯಕ್ಕೇ ಮೂರನೆಯದು ಚಿಕ್ಕೋಡಿ. ಅಂದರೆ ಮಾಸ್ತರು ಕಲಿಸೋದಿಲ್ಲ, ಹುಡುಗರು ಕಲಿಯೋದಿಲ್ಲ ಅನ್ನೋ ಹಳೇ ಮಾತು ಇಲ್ಲಿ ಅಷ್ಟು ಸುಲಭಕ್ಕೆ ನಿಲ್ಲೋದಿಲ್ಲ. ಆದರೂ ಮುಂಜಾನೆ ಎಂಟಕ್ಕೆ ಹಳದಿ ಬಸ್ಸು ಹಳ್ಳಿ ಹಳ್ಳಿ ಸುತ್ತಿ, ತೋಟದ ಕಚ್ಚಾ ರಸ್ತೆಗೂ ನುಗ್ಗಿ, ಟೈ ಕಟ್ಟಿದ ಮಕ್ಕಳನ್ನು ತುಂಬಿಕೊಂಡು ಹೋಗುತ್ತದೆ. ಅದನ್ನು ಹತ್ತಿಸಿದವರು ನಾವೇ, ಅವರ ಅವ್ವ-ಅಪ್ಪ.

ತೋಟದ ಮಾತು ಬಂತಲ್ಲ, ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮಲ್ಲಿ ಘಟಪ್ರಭಾ ನೀರು ಹರಿದ ಮೇಲೆ ಜನ ಊರು ಬಿಟ್ಟು ಕಬ್ಬಿನ ಹೊಲದಲ್ಲೇ ಮನೆ ಕಟ್ಟಿಕೊಂಡರು. ಅಲ್ಲಿನ ಮಕ್ಕಳಿಗಾಗಿ ಸರ್ಕಾರ ತೋಟದ ಶಾಲೆ ತೆರೆಯಿತು. ಎಷ್ಟೋ ಶಾಲೆಗಳ ಹೆಸರಲ್ಲೇ ಒಂದು ಮನೆತನದ ಅಡ್ಡಹೆಸರು ಇರುತ್ತದೆ, ಇಂಥವರ ತೋಟ ಅಂತ. ಜಾಗ ಬಿಟ್ಟುಕೊಟ್ಟವರು ಅವರು. ನಮ್ಮ ರಾಮಣ್ಣ ರೈಗಳು ಅಂದರೆ ಇವರೇ. ನಾನು ಕಲಿತ ಸಾಲಿಯ ಫ್ಯಾನಿನ ರೆಕ್ಕೆ ಮೇಲೂ ದಾನಿಯ ಹೆಸರು ಬರೆದಿತ್ತು, ಫ್ಯಾನ್ ತಿರುಗಿದರೆ ಓದಲಿಕ್ಕೆ ಆಗತಿರಲಿಲ್ಲ, ಕರೆಂಟ್ ಹೋದಾಗ ಮಾತ್ರ ಓದಬಹುದಿತ್ತು. ಇವತ್ತು ಆ ಸಾಲಿಗೆ ಜಾಗ ಕೊಟ್ಟ ಅಜ್ಜನ ಮರಿಮಗ ಹಳದಿ ಬಸ್ಸಿನ ಕಿಟಕಿ ಪಕ್ಕ ಕೂತು ಆ ಸಾಲಿಯ ಮುಂದೇ ಹಾದು ಹೋಗ್ತಾನ. ಸಿನಿಮಾ ಬಿಟ್ಟುಬಿಟ್ಟ ಪಾತ್ರ ಅವನದು.

ಇನ್ನು ಕೋರ್ಟು. 1994ರ ಭಾಷಾ ನೀತಿಯಲ್ಲಿ ಕರ್ನಾಟಕ ಸರ್ಕಾರ ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಕಲಿಸಬೇಕು ಅಂದಿತ್ತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ತಳ್ಳಿಹಾಕಿತು. ಮಗುವಿನ ಮಾಧ್ಯಮ ಯಾವುದು ಅಂತ ತೀರ್ಮಾನಿಸೋರು ಪಾಲಕರು, ಸರ್ಕಾರ ಹೇರುವಂತಿಲ್ಲ ಎಂದು. ಕಾಸರಗೋಡಿನಲ್ಲಿ ಕನ್ನಡ ಶಾಲೆ ಉಳಿಸಿಕೊಡುವ ಸಂವಿಧಾನವೇ ಗೋಕಾಕದಲ್ಲಿ ಅದನ್ನು ಬಿಟ್ಟು ಹೋಗುವ ಹಕ್ಕನ್ನೂ ಕೊಟ್ಟಿದೆ. ಅನಂತಪದ್ಮನಾಭರು ಎಷ್ಟೇ ಚೆಂದ ಭಾಷಣ ಮಾಡಲಿ, ಎದುರು ಪಾರ್ಟಿ ಕಟಕಟೆಯಲ್ಲಿ ನಮ್ಮ ಅತ್ತಿಗೆ ನಿಂತಿರ್ತಾಳ. ಆಕೆಗೆ ಏನು ಕೇಳ್ತೀರಿ?

ಆಕೆ ಹೇಳೋದು ಇಷ್ಟು: "ಅಲ್ಲಿ ಐದು ಇಯತ್ತೆಗೆ ಇಬ್ಬರ ಮಾಸ್ತರು. ಒಬ್ರು ಮೀಟಿಂಗಿಗೆ ಹೋದ್ರ ಇನ್ನೊಬ್ರು ಐದೂ ಕ್ಲಾಸ್ ಹಿಡೀಬೇಕು. ಮತ್ತ ಮೂರು ವರ್ಷದ ಕೂಸಿಗೆ ಆ ಸಾಲ್ಯಾಗ ಎಲ್ಲಿ ಜಾಗ ಐತಿ?" ಈ ಕೊನೇ ವಾಕ್ಯ ಇಡೀ ಚರ್ಚೆಯ ಕೀಲಿ ಅಂತ ನನಗನಿಸುತ್ತದೆ. ಹೆಚ್ಚಿನ ಸರ್ಕಾರಿ ಶಾಲೆಗಳು ಶುರುವಾಗೋದೇ ಒಂದನೇ ತರಗತಿಯಿಂದ. ಖಾಸಗಿಯವರು ಮೂರೂವರೆಗೇ ಎಲ್‌ಕೆಜಿ ಅಂತ ಮಗು ಎತ್ತಿಕೊಂಡು ಹೋಗಿರ್ತಾರ. ಒಂದು ಸಲ ಬಸ್ಸು ಹತ್ತಿದ ಮಗು ಎರಡು ವರ್ಷ ಬಿಟ್ಟು ವಾಪಸ್ ಇಳಿಯೋದಿಲ್ಲ. 2019ರಲ್ಲಿ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಸರ್ಕಾರ ತಾನೇ ಎಲ್‌ಕೆಜಿ ಶುರುಮಾಡಿದ್ದು, ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತಂದದ್ದು ಈ ಲೆಕ್ಕ ಅರ್ಥವಾದ ಮೇಲೆಯೇ. ಸಾಹಿತಿಗಳು ಬೀದಿಗಿಳಿದದ್ದು ಇಂಗ್ಲಿಷಿನ ಬಗ್ಗೆ. ಎಲ್‌ಕೆಜಿ ಬಗ್ಗೆ ಅವರು ಜೋರಾಗಿ ಮಾತಾಡಲಿಲ್ಲ. ಸಿನಿಮಾದಲ್ಲಿ ನಾವು ನೋಡೋ ಮಕ್ಕಳು ದೊಡ್ಡವರು, ಮಾಸ್ತರಿಗೇ ಅಡ್ಡಹೆಸರಿಡುವ ವಯಸ್ಸಿನವರು. ಯಾರ ಮಗು ಎಲ್ಲಿಗೆ ಅನ್ನೋದು ಅದಕ್ಕಿಂತ ಎಷ್ಟೋ ವರ್ಷ ಮೊದಲೇ, ಅಡುಗೆಮನೆಯಲ್ಲಿ ನಿಕಾಲಿಯಾಗಿರುತ್ತದೆ. ಕ್ಯಾಮೆರಾ ಅಲ್ಲಿಗೆ ಹೋಗೋದಿಲ್ಲ.

ಹಾಗಂತ ಅತ್ತಿಗೆ ಗೆದ್ದಳು ಅಂತಲ್ಲ. ಫೀ ಕಟ್ಟೋದು ಕಬ್ಬಿನ ಬಿಲ್ಲಿನ ಮೇಲೆ. ಫ್ಯಾಕ್ಟರಿ ಬಿಲ್ ತಡವಾದ ವರ್ಷ ಬಡ್ಡಿಗೆ ತಂದು ಕಟ್ಟಿದ್ದೂ ಉಂಟು. ಆಕೆಯ ಮಗಳು ಮೂರನೇತ್ತೆ, 'ಫೋಟೋಸಿಂಥೆಸಿಸ್' ಸ್ಪೆಲ್ಲಿಂಗು ತಪ್ಪಿಲ್ಲದೆ ಹೇಳ್ತಾಳ, ಹಾಗಂದ್ರೇನು ಅಂತ ಕೇಳಿದರೆ ಮತ್ತೆ ಸ್ಪೆಲ್ಲಿಂಗೇ ಹೇಳ್ತಾಳ. ಮನೆಮುಂದೆ ಐದು ಎಕರೆ ಕಬ್ಬು ಅದನ್ನೇ ಮಾಡಿಕೊಂಡು ನಿಂತಿದೆ.

ಇಂಥ ಜಾಗದಲ್ಲೇ 'ಹಿಂದಿ ಮೀಡಿಯಂ' (2017) ನೆನಪಾಗೋದು. ಅದರಲ್ಲಿ ಇರ್ಫಾನ್ ಖಾನ್, ಸಬಾ ಕಮರ್ ದಂಪತಿ ಮಗಳಿಗೆ ದೊಡ್ಡ ಶಾಲೆಯ ಸೀಟು ಸಿಗಲಿ ಅಂತ ಬಡವರ ವೇಷ ಹಾಕಿ ಆರ್‌ಟಿಇ ಕೋಟಾಕ್ಕೆ ಕೈ ಹಾಕ್ತಾರೆ. ಕನ್ನಡ ಸಿನಿಮಾಕ್ಕಿಂತ ಅದು ಒಂದು ವಿಷಯದಲ್ಲಿ ಪ್ರಾಮಾಣಿಕ: ಖಳನಾಯಕ ಮನೆಯೊಳಗೇ ಇದ್ದಾನೆ ಅಂತ ಒಪ್ಪಿಕೊಳ್ಳುತ್ತದೆ. ಆದರೆ ಅದೂ ಕೊನೆಗೆ ಜಾರುತ್ತದೆ. ಹೀರೊ ಸರ್ಕಾರಿ ಶಾಲೆಗೆ ದುಡ್ಡು ಕೊಟ್ಟು, ವೇದಿಕೆ ಮೇಲೆ ಭಾಷಣ ಮಾಡಿ, ಮಗಳನ್ನು ಅಲ್ಲಿಗೇ ಸೇರಿಸ್ತಾನೆ. ದಿಲ್ಲಿಯ ಬಟ್ಟೆ ವ್ಯಾಪಾರಿಗೆ ಅದು ಪರವಾಗಿಲ್ಲ, ಅವನಿಗೆ ಬೀಳಲಿಕ್ಕೆ ಹಾಸಿಗೆ ಇದೆ. ನಮ್ಮಣ್ಣನಿಗೆ ಇರೋದು ಒಂದೇ ಸಲದ ಚಾನ್ಸು. ನಮ್ಮ ರಾಜ್ಯದಲ್ಲಂತೂ 2019ರಿಂದ ಹತ್ತಿರದಲ್ಲಿ ಸರ್ಕಾರಿ ಶಾಲೆ ಇದ್ದರೆ ಖಾಸಗಿ ಶಾಲೆಯ ಆರ್‌ಟಿಇ ಸೀಟೇ ಇಲ್ಲ. ಆ ಬಾಗಿಲೂ ಮುಚ್ಚಿತು.

ಎರಡೂ ಸಿನಿಮಾಗಳ ಒಟ್ಟು ಬಗ್ ಒಂದೇ. ಸಿಸ್ಟಮ್ಮು ಕೆಟ್ಟಿದೆ ಅಂತ ತೋರಿಸಿ, ಒಬ್ಬ ದೊಡ್ಡ ಮನಸ್ಸಿನ ಮನುಷ್ಯನನ್ನು ಪ್ಯಾಚ್ ಆಗಿ ಹಾಕ್ತಾರೆ. ಕಾಸರಗೋಡು ಸಿನಿಮಾದ ಎರಡನೇ ಅರ್ಧದಲ್ಲಿ ಹುಡುಗರೇ ಮೂಲೆಗೆ ಸರಿದು ಪ್ರೇಕ್ಷಕರಾಗ್ತಾರೆ, ನೋಡಿದ್ದೀರಾ?

"ನಾವೆಲ್ಲ ಕನ್ನಡ ಮೀಡಿಯಂನಲ್ಲೇ ಓದಿಲ್ವಾ, ನಮಗೇನಾಗಿದೆ" ಅಂತ ಈ ಸಿನಿಮಾ ನೋಡಿ ಬಂದ ನನ್ನ ಐಟಿ ಗೆಳೆಯರು ಸ್ಟೇಟಸ್ ಹಾಕಿದರು. ಇದಕ್ಕಿಂತ ಪೊಳ್ಳು ವಾದ ಇನ್ನೊಂದಿಲ್ಲ. ನನ್ನ ಜೊತೆ ಹತ್ತನೇತ್ತೆ ಕೂತವರಲ್ಲಿ ಬಿಇ ಮುಗಿಸಿದವರು ಇಬ್ಬರು. ಉಳಿದವರು ಸ್ಟೇಟಸ್ ಹಾಕಲಿಕ್ಕೆ ಇಲ್ಲಿಲ್ಲ. ಹುಕ್ಕೇರಿ ತಾಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ಕನ್ನಡದಲ್ಲೇ ಕಲಿತು ಜ್ಞಾನಪೀಠ ತಂದರು, ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲೇ ಇರಲಿ ಅಂತ ಇವತ್ತಿಗೂ ಹೇಳ್ತಾರೆ. ಅವರ ಮಾತನ್ನು ನಾನು ಒಪ್ಪುತ್ತೇನೆ, ಅವರನ್ನು ಉದಾಹರಣೆಯಾಗಿ ಕೊಡೋದನ್ನು ಒಪ್ಪೋದಿಲ್ಲ. ಬಡತನಕ್ಕೆ ಓದು ನಿಂತಾಗ ಸಾವಳಗಿ ಮಠದ ಸ್ವಾಮಿಗಳು ಕೈ ಹಿಡಿಯದಿದ್ದರೆ ಕಂಬಾರರ ಕಥೆಯೂ ಬೇರೆಯಾಗುತ್ತಿತ್ತು. (ಅಂದಹಾಗೆ ಗೋಕಾಕ ಚಳವಳಿಗೂ ನಮ್ಮ ಊರಿಗೂ ಹೆಸರಿನ ಸಂಬಂಧ ಅಷ್ಟೇ. ವರದಿ ಕೊಟ್ಟ ವಿ.ಕೃ. ಗೋಕಾಕರು ಸವಣೂರಿನವರು. ನಮ್ಮವರು ಮಾತ್ರ ಅದನ್ನು ಕರದಂಟಿನ ಜೊತೆ ಸೇರಿಸಿ ಹೇಳ್ತಾರೆ.)

ನನ್ನ ಮಗಳಿಗೆ ಈಗ ಮೂರೂವರೆ. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಿಂದ ಸರ್ಕಾರಿ ಶಾಲೆ ಎಂಟು ನಿಮಿಷದ ನಡಿಗೆ. ಹೋಗಿ ನೋಡಿ ಬಂದೆ. ಹೆಡ್‌ಮಿಸ್ಸು ಒಳ್ಳೆಯವರು, ಚಹಾ ಕೊಟ್ಟರು, "ನಿಮ್ಮಂಥವರು ಬಂದು ನೋಡ್ತೀರಿ ಸರ್, ಸೇರಿಸಲ್ಲ" ಅಂತ ನಗುತ್ತಲೇ ಅಂದರು. ಹೆಂಡತಿ ಕೇಳಿದ್ದು ಒಂದೇ: "ಅವಳ ಜೊತೆ ಕೂರೋರು ಯಾರು?" ಪ್ರಶ್ನೆ ಕೇಳಲಿಕ್ಕೆ ಚೆನ್ನಾಗಿಲ್ಲ, ಆದರೆ ಅಣ್ಣನ ತೋಟದಿಂದ ನಮ್ಮ ಅಪಾರ್ಟ್‌ಮೆಂಟಿನವರೆಗೆ ಎಲ್ಲರೂ ಫೀ ಕಟ್ಟುತ್ತಿರೋದು ಇದೇ ಉತ್ತರಕ್ಕೆ. ಕಲಿಕೆ ಆಮೇಲಿನ ಮಾತು. ಇದನ್ನು ಕಥೆಯ ನಡುವಿಗಿಟ್ಟು ತೆಗೆದ ಕನ್ನಡ ಸಿನಿಮಾ ನಾನು ನೋಡಿಲ್ಲ. ರಿಷಬ್ ಎರಡನೇ ಭಾಗ ಮಾಡೋದಾದರೆ ಲೊಕೇಶನ್ ನಾನು ತೋರಿಸ್ತೀನಿ. ಮೂಡಲಗಿ ರಸ್ತೆ, ಮುಂಜಾನೆ ಎಂಟು ಗಂಟೆ, ತೋಟದ ಶಾಲೆಯ ಗೇಟು ಇನ್ನೂ ತೆಗೆದಿರೋದಿಲ್ಲ, ಬಸ್ಸು ಆಗಲೇ ಹೊರಟಿರ್ತದ.