ಗರತಿಯ ಹಾಡಿನಲ್ಲಿ ಸಂತಾನಸುಖ

ಮಕ್ಕಳನ್ನು ಸಾಕುವುದರಲ್ಲಿ ಸುಖವುಂಟೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ಸುಖವು ಯಾವ ಬಗೆಯದು, ಯಾವಾಗ ಕೈಗೆ ಬರುವಂಥದು, ಅದಕ್ಕೆ ತೆರಬೇಕಾದ ಬೆಲೆಯೇನು ಎಂದು ಕೇಳಿದರೆ ನಮ್ಮ ಸಾಹಿತ್ಯವು ಒಂದೇ ಉತ್ತರವನ್ನು ಕೊಡುವುದಿಲ್ಲ. ಸಭೆಗಳಲ್ಲಿ ಈ ಮಾತು ಬಂದಾಗ ವಾತ್ಸಲ್ಯರಸವೆಂಬ ಹೆಸರೊಂದನ್ನು ಹಚ್ಚಿ, ದಾಸರ ಬಾಲಕೃಷ್ಣನನ್ನೂ ಗರತಿಯ ಹಾಡಿನ ಕಂದನನ್ನೂ ಒಂದೇ ತೊಟ್ಟಿಲಲ್ಲಿ ಮಲಗಿಸಿಬಿಡುವುದು ವಾಡಿಕೆಯಾಗಿದೆ. ಹಾಗೆ ಮಾಡಿದರೆ ಇಬ್ಬರಿಗೂ ಅನ್ಯಾಯವಾಗುವುದೆಂದು ನನ್ನ ಎಣಿಕೆ. ವಿಶೇಷವಾಗಿ ಗರತಿಯ ಹಾಡಿಗೆ. ಏಕೆಂದರೆ ಮಗುವಿನಿಂದ ತಾಯಿಗೆ ದೊರೆಯುವ ಫಲವನ್ನು ಮುಂದೆಂದೋ ಬರಲಿರುವ ಕಾಲಕ್ಕೆ ತಳ್ಳದೆ, ಈ ದಿನ, ಈ ಗಳಿಗೆಯಲ್ಲಿಯೇ ಎಣಿಸಿ ನೋಡಿದ ಕವಿತೆಯು ಕನ್ನಡದಲ್ಲಿ ಬಹು ವಿರಳ. ಆ ಫಲವಾದರೂ ಬರಿಯ ಮುದ್ದಲ್ಲ.

ನಮ್ಮ ಪ್ರೌಢಕಾವ್ಯಗಳಲ್ಲಿ ಶಿಶುವು ಬರುವ ರೀತಿಯನ್ನು ವಾಚಕರು ಬಲ್ಲರು. ರಾಣಿಗೆ ಮಕ್ಕಳಿಲ್ಲವೆಂಬ ಚಿಂತೆ, ಶುಭಸ್ವಪ್ನ, ಬಯಕೆ, ಒಳ್ಳೆಯ ಲಗ್ನದಲ್ಲಿ ಜನನ, ಊರಿಗೆಲ್ಲ ತೋರಣ. ಇಷ್ಟಾದ ಮೇಲೆ ಎರಡು ಪದ್ಯಗಳಲ್ಲಿ ತೊದಲ್ನುಡಿ, ತಪ್ಪುಹೆಜ್ಜೆಗಳು ಮುಗಿದು, ಕುಮಾರನು ಸಕಲ ಶಸ್ತ್ರಶಾಸ್ತ್ರಗಳಲ್ಲಿ ಪಾರಂಗತನಾಗಿ ನಿಲ್ಲುತ್ತಾನೆ. ಅವನ ಮೂಗನ್ನು ಒರೆಸಿದವರು ಯಾರು, ಹಲ್ಲು ಬರುವಾಗ ರಾತ್ರಿಯೆಲ್ಲ ಎತ್ತಿಕೊಂಡು ತಿರುಗಿದವರು ಯಾರು ಎಂಬುದು ಕವಿಗೆ ಬೇಕಾಗಿಲ್ಲ. ಇಲ್ಲಿ ಮಗನೆಂದರೆ ರಾಜ್ಯಕ್ಕೆ ಒಡೆಯ, ಪಿತೃಗಳಿಗೆ ತರ್ಪಣ ಬಿಡುವವನು, ವಂಶದ ಕೊಂಡಿ. ಸಾಕುವ ಕಾಲವು ಆ ಫಲವನ್ನು ಕಾಯುತ್ತ ಕಳೆಯಬೇಕಾದ ಅವಧಿ ಮಾತ್ರ.

ಈ ಸಂಪ್ರದಾಯದ ನಡುವೆ ಒಂದು ವಿಲಕ್ಷಣವಾದ ಕಥೆಯುಂಟು. ಸುಮಾರು ಹತ್ತನೆಯ ಶತಮಾನದ್ದೆಂದು ಪಂಡಿತರು ಎಣಿಸುವ 'ವಡ್ಡಾರಾಧನೆ'ಯ ಸುಕುಮಾರಸ್ವಾಮಿಯ ಕಥೆಯದು. ಉಜ್ಜಯಿನಿಯ ಶ್ರೀಮಂತ ಸೆಟ್ಟಿಯ ಹೆಂಡತಿ ಯಶೋಭದ್ರೆಗೆ ಬಹುಕಾಲ ಮಕ್ಕಳಿಲ್ಲ. ಮಗನು ಹುಟ್ಟುವನು, ಆದರೆ ಅವನ ಮೊಗವನ್ನು ಕಂಡೊಡನೆ ಗಂಡನು ತಪಸ್ಸಿಗೆ ಹೋಗುವನು, ಮಗನೂ ಋಷಿಯೊಬ್ಬರನ್ನು ಕಂಡ ದಿನ ಹೊರಟುಹೋಗುವನು ಎಂದು ಅವಳಿಗೆ ಮೊದಲೇ ತಿಳಿದುಬರುತ್ತದೆ. ಗಂಡನು ಹೋದನು. ಇನ್ನು ಮಗನನ್ನಾದರೂ ಉಳಿಸಿಕೊಳ್ಳಬೇಕೆಂದು ಆಕೆಯು ಋಷಿಗಳು ಮನೆಯನ್ನು ಹೊಗದಂತೆ ಕಟ್ಟು ಮಾಡುತ್ತಾಳೆ. ಮಗನಿಗೆ 32 ಪ್ರಾಸಾದಗಳು, 32 ಮಂದಿ ಹೆಂಡಿರು. ರತ್ನದ ಬೆಳಕಿನಲ್ಲಿಯೇ ಬೆಳೆದ ಆತನಿಗೆ ಅರಸನು ಮನೆಗೆ ಬಂದ ದಿನ ದೀಪದ ಕುಡಿಯನ್ನು ನೋಡಿ ಕಣ್ಣಲ್ಲಿ ನೀರು ಬರುತ್ತದೆ. ತಾವರೆಯ ಕಂಪೇರಿದ ಅಕ್ಕಿಯನ್ನೇ ಉಂಡು ಬೆಳೆದವನು ಬೇರೆ ಅಕ್ಕಿ ಬೆರೆತ ಅನ್ನದಲ್ಲಿ ಅಗುಳು ಆರಿಸುತ್ತ ಕುಳಿತುಕೊಳ್ಳುತ್ತಾನೆ. ಕೊನೆಗೆ ಒಂದು ಬೆಳಗಿನ ಜಾವ ಯತಿಯ ಪಾಠದ ದನಿಯು ಕಿವಿಗೆ ಬಿದ್ದು, ಪೂರ್ವಜನ್ಮದ ಸ್ಮರಣೆಯಾಗಿ, ಮಾಡದಿಂದ ಇಳಿದು ನಡೆದೇಬಿಡುತ್ತಾನೆ. ನೆಲವನ್ನೇ ಮೆಟ್ಟಿ ಅರಿಯದ ಪಾದಗಳಿಂದ ಒಸರಿದ ನೆತ್ತರಿನ ಜಾಡನ್ನು ಹಿಡಿದು ಬಂದ ನರಿಯೊಂದು ಮರಿಗಳೊಡನೆ ಅವನನ್ನು ತಿನ್ನುತ್ತದೆ.

ಈ ಕಥೆಯನ್ನು ವೈರಾಗ್ಯಬೋಧೆಗಾಗಿ ಬರೆದರೆಂಬುದರಲ್ಲಿ ಸಂದೇಹವಿಲ್ಲ. ಆದರೂ ಯಶೋಭದ್ರೆಯನ್ನು ಮರೆಯಲಾಗುವುದಿಲ್ಲ. ಮಗನನ್ನು ಕಳೆದುಕೊಳ್ಳುವ ಭಯದಿಂದಲೇ ಆಕೆ ಅವನನ್ನು ಸಾಕಿದಳು. ಸಾಕಿದ ಇಷ್ಟು ವರ್ಷಗಳಲ್ಲಿ ಅವಳು ಒಂದು ದಿನವಾದರೂ ನಿಶ್ಚಿಂತೆಯಾಗಿ ಅವನೊಡನೆ ಆಡಿದಳೆಂದು ಕಥೆಯು ಹೇಳುವುದಿಲ್ಲ. ಫಲವನ್ನು ನಾಳೆಗೆ ಕಟ್ಟಿಟ್ಟವರ ಪಾಡು ಇದು. ನಮ್ಮ ಕಾಲದ ಕೆಲವು ಮನೆಗಳಲ್ಲಿ, ಮಗುವಿಗೆ ಮೂರು ತುಂಬುವ ಮುನ್ನವೇ ಅದರ ಮೂವತ್ತನೆಯ ವರ್ಷದ ಸಂಬಳದ ಲೆಕ್ಕವು ನಡೆಯುವುದನ್ನು ಕಂಡಾಗ ನನಗೆ ಯಶೋಭದ್ರೆಯ ನೆನಪಾಗುತ್ತದೆ.

ದಾಸರ ಪದಗಳಿಗೆ ಬಂದರೆ ಗಾಳಿಯೇ ಬೇರೆ. ಗುಮ್ಮನನ್ನು ಕರೆಯಬೇಡವೆಂದು ತಾಯಿಯ ಸೆರಗನ್ನು ಹಿಡಿದು ಬೇಡುವ ಪುರಂದರದಾಸರ ಕೃಷ್ಣನು ಅಚ್ಚ ಮನೆಯ ಹುಡುಗ. ನೆರೆಹೊರೆಯ ಗೋಪಿಯರು ದೂರು ತರುವ ಪದಗಳಲ್ಲಂತೂ, ಹೊರಗೆ ಗದರಿಸುತ್ತ ಒಳಗೆ ಹಿಗ್ಗುವ ತಾಯಿಯ ಮುಖವು ಕಣ್ಣಿಗೆ ಕಟ್ಟುತ್ತದೆ. ಆದರೆ ಈ ಹುಡುಗನಿಗೆ ಅಪಾಯವಿಲ್ಲ. ಆತನು ಜಗದೊಡೆಯನೆಂಬುದು ಹಾಡುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು. ವಿಷವುಣಿಸ ಬಂದ ಪೂತನಿಯೇ ಸತ್ತಳಲ್ಲವೆ? ಸಾಕುವ ತಾಯಿಯ ಎದೆಯ ನಡುಕವು ಅಲ್ಲಿ ಲೀಲೆಯಾಗಿ ಮಾರ್ಪಡುತ್ತದೆ. ಭಕ್ತಿಗೆ ಅದು ಬೇಕು. ನಮ್ಮ ವಿಚಾರಕ್ಕೆ ಅದು ಸಾಲದು.

ಇನ್ನು ಗರತಿಯ ಹಾಡು. ಭೀಮಾತೀರದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಕೂಡಿ ಸಂಗ್ರಹಿಸಿದ ತ್ರಿಪದಿಗಳು ಈ ಹೆಸರಿನಿಂದ 1931ರಲ್ಲಿ ಹೊರಬಂದವು. ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸರು ಜೋಳ ಬೀಸುತ್ತ ಹಾಡಿದ ಮೂರು ಸಾಲಿನ ಪದಗಳಿವು. ಇಂಥವು ಈ ಸಂಗ್ರಹದಲ್ಲಿಯೂ ಆಮೇಲಿನ ಸಂಗ್ರಹಗಳಲ್ಲಿಯೂ ಉಂಟು; ಅವಕ್ಕಿಂತ ಹೆಚ್ಚಾಗಿ ಹೆಂಗಸರ ಬಾಯಲ್ಲಿ ಉಂಟು. ಅವುಗಳನ್ನು ಇಲ್ಲಿ ಎತ್ತಿ ಬರೆಯುವುದಿಲ್ಲ. ಕಲ್ಲಿನ ದನಿಯಿಲ್ಲದೆ ಅಚ್ಚಿನಲ್ಲಿ ಕಂಡ ತ್ರಿಪದಿಯು ನೀರಿನಿಂದ ತೆಗೆದ ಬೆಣಚುಕಲ್ಲಿನಂತೆ ಬಣ್ಣಗೆಡುತ್ತದೆ; ಮೇಲಾಗಿ ನಮ್ಮ ವಾಚಕರಿಗೆ ಅವು ಬಾಯಿಪಾಠವಾಗಿಯೇ ಇವೆ.

ಮಗುವಿರುವ ಮನೆಗೆ ಬೀಸಣಿಗೆಯ ಹಂಗಿಲ್ಲ, ಅದು ಒಳಹೊರಗೆ ಸುಳಿದಾಡಿದರೆ ಅದೇ ಗಾಳಿ ಎನ್ನುವ ಪದವನ್ನು ಯಾರು ಕೇಳಿಲ್ಲ? ಆಡಿ ದಣಿದು ಬಂದ ಕಂದನ ಅಂಗಾಲನ್ನು ತಾಯಿಯು ತೆಂಗಿನ ಎಳನೀರಿನಿಂದ ತೊಳೆಯುವೆನೆನ್ನುವ ಪದವನ್ನೂ ಎಲ್ಲರೂ ಬಲ್ಲರು. ಇವನ್ನು ಕೇಳಿ "ಎಂಥ ಮುದ್ದು!" ಎಂದು ತಲೆದೂಗುವುದು ಸುಲಭ. ತುಸು ನಿಂತು ನೋಡಬೇಕು. ಈ ಪದಗಳನ್ನು ಬಹುವಾಗಿ ಹಾಡಿದ ಬಿಜಾಪುರದ ಸೀಮೆಯು ಜೋಳದ ನಾಡು, ಬಿಸಿಲಿನ ನಾಡು. ಅಲ್ಲಿ ತೆಂಗಿನಕಾಯಿಯೆಂದರೆ ಪೇಟೆಯಿಂದ ಕೊಂಡು ತಂದು ದೇವರಿಗೆ ಒಡೆಯುವ ವಸ್ತು. ಅದರ ನೀರಿನಿಂದ ಕಾಲು ತೊಳೆಯುವುದೆಂದರೆ ದೇವರ ಪಾಲನ್ನು ಮಗುವಿಗೆ ಎರೆದಂತೆ. ಅಳುವ ಮಗುವಿಗೆ ನಾಲ್ಕು ಎಮ್ಮೆಗಳ ನೊರೆಹಾಲನ್ನು ಸಕ್ಕರೆಯೊಡನೆ ಕೊಡುವೆನೆಂದು ಹಾಡುವವಳ ಹಟ್ಟಿಯಲ್ಲಿ ಒಂದು ಎಮ್ಮೆಯಾದರೂ ಇತ್ತೋ ಇಲ್ಲವೋ! ಕೊಡಲಾಗದ್ದನ್ನೆಲ್ಲ ಹಾಡಿನಲ್ಲಿ ಕೊಡುವ ಅಧಿಕಾರವು ಅವಳಿಗೆ ಮಗುವಿನಿಂದ ಬಂದಿದೆ. ತವರಿನಲ್ಲಿ ಮಗಳು, ಅತ್ತೆಯ ಮನೆಯಲ್ಲಿ ಸೊಸೆ. ಎರಡು ಕಡೆಯೂ ಬೇಡುವವಳಾದ ಹೆಣ್ಣು ತೊಟ್ಟಿಲ ಬಳಿಯಲ್ಲಿ ಮಾತ್ರ ದಾನಿಯಾಗುತ್ತಾಳೆ.

ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಅಳುವ ಕಂದನನ್ನು ಬಣ್ಣಿಸುವ ಪದ. ತುಟಿಗೆ ಹವಳದ ಹೋಲಿಕೆ, ಹುಬ್ಬಿಗೆ ಬೇವಿನ ಎಸಳು; ಕಣ್ಣಿಗೆ ಮಾತ್ರ ಶಿವನ ಕೈಯಲ್ಲಿ ಹೊಳೆಯುವ ಅಲಗು. ಮೊದಲನೆಯ ಹೋಲಿಕೆಯು ಯಾವ ಕವಿಗಾದರೂ ಹೊಳೆದೀತು. ಬೇವಿನ ಎಸಳಿನ ಬಾಗು ಹುಬ್ಬಿಗೆ ಒಪ್ಪುತ್ತದೆ, ನಿಜ. ಆದರೆ ಮನೆಯಲ್ಲಿ ಸಿಡುಬು ಎದ್ದಾಗ ಬಾಗಿಲಿಗೆ ಕಟ್ಟುತ್ತಿದ್ದುದೂ ಅದೇ ಬೇವು. ಅದರ ಹಿಂದೆಯೇ ಅಲಗು ಬಂದಿದೆ. ಮುದ್ದಿನ ಮಾತಿನೊಳಗೆ ಆಯುಧವೇಕೆ? ಮತ್ತು ನಗುವ ಮಗುವನ್ನು ಬಿಟ್ಟು ಅಳುವ ಮಗುವನ್ನೇ ಅವಳು ಏಕೆ ಆರಿಸಿಕೊಂಡಳು?

20ನೆಯ ಶತಮಾನದ ಮೊದಲ ದಶಕಗಳಲ್ಲಿ ಹಿಂದೂಸ್ಥಾನದಲ್ಲಿ ಹುಟ್ಟಿದ 5 ಕೂಸುಗಳಲ್ಲಿ ಸುಮಾರು 1 ಕೂಸು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿತ್ತು. ಸಿಡುಬು ಜಗತ್ತಿನಿಂದ ತೊಲಗಿತೆಂದು ಸಾರಿದ್ದು 1980ರಲ್ಲಿ. ಅದಕ್ಕೆ ಎಷ್ಟೋ ಮೊದಲು ಈ ಪದವನ್ನು ಕಟ್ಟಿದವಳಿಗೆ ಗಟ್ಟಿಯಾದ ಅಳುವೆಂದರೆ ಮಗುವಿನಲ್ಲಿ ಉಸಿರುಂಟೆಂಬ ಸಾಕ್ಷಿ. ಅಳದೆ ಸುಮ್ಮನೆ ಮಲಗಿದ ಕೂಸೇ ತಾಯಿಯ ಎದೆಯನ್ನು ಒಡೆಯುವಂಥದು. ಅಲಗು ಶಿವನ ಕೈಯಲ್ಲಿದೆ, ಅದು ಯಾವ ಕಡೆಗೆ ತಿರುಗೀತೆಂಬುದು ಅವಳಿಗೆ ತಿಳಿಯದು. ತಿಳಿಯದೆಯೇ ಅದರ ಹೊಳಪನ್ನು ನೋಡಿ ಹಿಗ್ಗುತ್ತಾಳೆ. ಯಶೋಭದ್ರೆಗೆ ಸಾಧ್ಯವಾಗದೆ ಹೋದದ್ದು ಇದೇ. ಹಲವು ಮಕ್ಕಳನ್ನು ಕಳೆದುಕೊಂಡ ಬೇಂದ್ರೆಯವರು 'ನಾದಲೀಲೆ'ಯ (1938) ಒಂದು ಕವಿತೆಯಲ್ಲಿ, ಮಗುವು ಕೈಬಿಟ್ಟು ಹೋಗುವಾಗ ಹೆಂಡತಿಯ ನೋಟವನ್ನು ಎದುರಿಸಲಾರದ ತಂದೆಯ ಸಂಕಟವನ್ನು ಆ ನಾಡಿನ ಮಾತಿನಲ್ಲಿಯೇ ಹಾಡಿದರು. ಗರತಿಯ ಆ ಮೂರು ಸಾಲುಗಳಿಗೂ ಈ ಕವಿತೆಗೂ ಇರುವ ನಂಟನ್ನು ನಮ್ಮ ವಿಮರ್ಶಕರು ಇನ್ನೂ ವಿಚಾರಿಸಬೇಕಾಗಿದೆ.

ಇನ್ನೊಂದು ಪದ. ಮಗುವು ಅತ್ತರೆ ಅಳಲಿ, ಮನೆಗೆಲಸವು ಕೆಟ್ಟರೆ ಕೆಡಲಿ, ಮನೆ ತುಂಬ ಇಂಥ ಮಕ್ಕಳಿರಲಿ ಎನ್ನುವುದು ಅದರ ಭಾವ. ಇದನ್ನು ವಾತ್ಸಲ್ಯದ ಪರಾಕಾಷ್ಠೆಯೆಂದು ಹೊಗಳುವವರು ನಡುವಿನ ಮಾತನ್ನು ಕೇಳಿಸಿಕೊಂಡಂತೆ ಕಾಣುವುದಿಲ್ಲ. ಮನೆಗೆಲಸವು ಕೆಡಲಿ ಎನ್ನುವ ಸ್ವಾತಂತ್ರ್ಯವು ಒಬ್ಬ ಸೊಸೆಗೆ ಎಲ್ಲಿಂದ ಬಂತು? ನಸುಕಿನಲ್ಲಿ ಬೀಸುವುದರಿಂದ ಮೊದಲಾಗಿ ನೀರು, ಸಗಣಿ, ರೊಟ್ಟಿ, ಹೊಲದ ಬುತ್ತಿ ಎಂದು ಕತ್ತಲಾಗುವ ತನಕ ಕುಳಿತುಕೊಳ್ಳಲು ಎಡೆಯಿಲ್ಲದ ಹೆಣ್ಣಿಗೆ ಯಾರೂ ಬೇಡವೆನ್ನಲಾಗದ ವಿಶ್ರಾಂತಿಯು ಒಂದೇ ಒಂದು. ಕೂಸಿಗೆ ಹಾಲೂಡಿಸುವ ಹೊತ್ತು ಅದು. ಅತ್ತೆಯೂ ಆ ಹೊತ್ತಿನಲ್ಲಿ ಅವಳನ್ನು ಎಬ್ಬಿಸುವಂತಿಲ್ಲ. ಮಗುವು ತಾಯಿಗೆ ಪ್ರೀತಿಯನ್ನು ಕೊಡುತ್ತದೆ, ಸರಿ. ಅದಕ್ಕೆ ಮೊದಲು ಕುಳಿತುಕೊಳ್ಳಲು ಒಂದು ಮಣೆಯನ್ನು ಕೊಡುತ್ತದೆ, ಮನೆಯಲ್ಲಿ ಒಂದು ಮಾತನ್ನು ಕೊಡುತ್ತದೆ. ಸಂತಾನದ ಈ ಲಾಭವನ್ನು ಇಷ್ಟು ಬಿಚ್ಚುಮನಸ್ಸಿನಿಂದ ಹೇಳಿದ ಕಾವ್ಯವನ್ನು ನಾನು ಬೇರೆ ಕಂಡಿಲ್ಲ.

ಹಾಗಾದರೆ ಮಗುವಿಲ್ಲದವಳ ಗತಿಯೇನು? ಗರತಿಯ ಹಾಡು ಅದನ್ನೂ ಮುಚ್ಚಿಡುವುದಿಲ್ಲ. ಮಕ್ಕಳಿಲ್ಲದವಳ ಬಾಳನ್ನು ಬಾಡಿಗೆಯ ಎತ್ತಿನ ದುಡಿಮೆಗೂ, ಉಂಡು ಬೀಸಿ ಒಗೆದ ಬಾಳೆಯ ಎಲೆಗೂ ಹೋಲಿಸುವ ಪದವೊಂದುಂಟು. ಬಾಡಿಗೆಯ ಎತ್ತಿಗೆ ದುಡಿಮೆಯು ಕಡಮೆಯಿಲ್ಲ, ಬೆಳೆಯಲ್ಲಿ ಪಾಲು ಮಾತ್ರ ಇಲ್ಲ. ಕ್ರೂರವಾದ ಹೋಲಿಕೆ; ಆದರೆ ಕರಾರುವಾಕ್ಕಾದದ್ದು. ಮಗುವಿನಿಂದ ಹೆಣ್ಣಿಗೆ ನೆಲೆ ಸಿಕ್ಕುತ್ತದೆಂದು ಹಾಡಿದವಳೇ, ಆ ನೆಲೆಯು ಮಗುವಿಲ್ಲದಿದ್ದರೆ ಇಲ್ಲವೆಂಬುದನ್ನೂ ಹಾಡಿದ್ದಾಳೆ. ಇಂದಿನ ಸಭೆಗಳಲ್ಲಿ ಈ ಪದವನ್ನು ಬಿಟ್ಟು ಬೀಸಣಿಗೆಯ ಪದವನ್ನಷ್ಟೇ ಹಾಡಿಸುವುದುಂಟು. ಕೇಳುವವರಲ್ಲಿ ಯಾರಿಗಾದರೂ ನೋವಾದೀತೆಂಬ ದಯೆಯು ಅದರಲ್ಲಿರಬಹುದು. ಆದರೆ ವಿಮರ್ಶೆಯು ಹಾಗೆ ಬಿಡಲಾಗದು: ಒಂದನ್ನು ತೆಗೆದರೆ ಇನ್ನೊಂದರ ಅರ್ಥವು ಅರ್ಧವಾಗುತ್ತದೆ. ಹೆಣ್ಣನ್ನು ಹಡೆಯಬೇಡ, ಹೆರವರಿಗೆ ಕೊಡಬೇಡ, ಕೊಟ್ಟ ಮೇಲೆ ಅತ್ತು ಶಿವನನ್ನು ಬೈಯಬೇಡ ಎಂದು ಮಗಳೇ ಹಡೆದವ್ವನಿಗೆ ಹೇಳುವ ಪದವೂ ಇದೇ ಕಲ್ಲಿನ ಮುಂದೆ ಹುಟ್ಟಿತು. ಸಾಕಿದ ಸುಖವನ್ನು ಎಣಿಸುವಾಗ ಈ ಕಳೆಯುವ ಲೆಕ್ಕವನ್ನೂ ಬರೆದಿಟ್ಟದ್ದರಿಂದಲೇ ಅವಳ ಮಾತನ್ನು ನಾವು ನಂಬುತ್ತೇವೆ.

ಇಷ್ಟನ್ನು ಪುಸ್ತಕದಿಂದ ಕಲಿತೆನೆಂದು ಹೇಳಿದರೆ ಸುಳ್ಳಾದೀತು. ನಮ್ಮ ಸೋದರತ್ತೆಯೊಬ್ಬಳಿದ್ದಳು. ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರು ಬಿಟ್ಟ ಮೇಲೆ ತವರಿಗೆ ಬಂದು, ಅಣ್ಣನ ಮಕ್ಕಳಾದ ನಮ್ಮನ್ನೆಲ್ಲ ಎತ್ತಿ ಆಡಿಸಿದವಳು ಅವಳೇ. ತೊಟ್ಟಿಲ ಪದಗಳು ಅವಳಷ್ಟು ಯಾರಿಗೂ ಬಾರವು. ಒಂದು ನಸುಕಿನಲ್ಲಿ ಅವಳ ಎದುರಿಗೆ ಗೂಟ ಹಿಡಿದು ಬೀಸುತ್ತಿದ್ದ ಓಣಿಯ ಹೆಂಗಸೊಬ್ಬಳು ಮರೆತು ಬಾಡಿಗೆಯ ಎತ್ತಿನ ಪದವನ್ನು ಎತ್ತಿಬಿಟ್ಟಳು. ಹಾಸಿಗೆಯಲ್ಲಿ ಎಚ್ಚರಾಗಿದ್ದ ನನಗೆ ಆಗ ಅದರ ಅರ್ಥವು ಅರ್ಧಮರ್ಧ ತಿಳಿಯುತ್ತಿತ್ತು. ಎದುರಿನವಳಿಗೆ ನೆನಪಾಗಿ ದನಿಯು ನಡುವೆಯೇ ನಿಂತುಹೋಯಿತು. ಕಲ್ಲು ನಿಲ್ಲಲಿಲ್ಲ. ಅತ್ತೆಯು ಒಂದು ಹಿಡಿ ಜೋಳವನ್ನು ಹಾಕಿ, ಬಿಟ್ಟುಹೋದ ಕೊನೆಯ ಸಾಲನ್ನು ತಾನೇ ಹಾಡಿ ಮುಗಿಸಿದಳು. ಅದರ ಬೆನ್ನಿಗೇ, ಮನೆಗೆಲಸವು ಕೆಟ್ಟರೆ ಕೆಡಲಿ ಎನ್ನುವ ಪದವನ್ನು ಎತ್ತಿಕೊಂಡಳು.

ಆ ಪದವನ್ನು ಹಾಡುವ ಹಕ್ಕು ಅವಳಿಗೆ ಇತ್ತೆ? ಹೆತ್ತವಳಿಗಷ್ಟೇ ಸಂತಾನಸುಖವೆಂದರೆ ಇರಲಿಲ್ಲ. ನಮ್ಮ ಪ್ರೌಢಕಾವ್ಯಗಳನ್ನು ಮೇಲೆ ದೂರಿದೆನಷ್ಟೆ. ಆದರೆ ಈ ಒಂದು ವಿಷಯದಲ್ಲಿ ಲಕ್ಷ್ಮೀಶನಿಗೆ ನಾನು ಋಣಿ. 'ಜೈಮಿನಿ ಭಾರತ'ದ ಚಂದ್ರಹಾಸನ ಕಥೆಯಲ್ಲಿ, ತಾಯಿತಂದೆಗಳನ್ನು ಕಳೆದುಕೊಂಡ ಕೇರಳದ ರಾಜಶಿಶುವನ್ನು ಎತ್ತಿಕೊಂಡು ಕುಂತಳನಗರಕ್ಕೆ ಓಡಿಬಂದು, ಪರರ ಮನೆಯಲ್ಲಿ ದುಡಿದು ಸಾಕುವವಳು ಒಬ್ಬ ದಾದಿ. ಅವನು ಅರಸನಾಗುವುದನ್ನು ಅವಳು ಕಾಣುವುದಿಲ್ಲ; ಅವನು ಇನ್ನೂ ಎಳೆಯನಾಗಿರುವಾಗಲೇ ಕಣ್ಣುಮುಚ್ಚುತ್ತಾಳೆ. ಕಥೆಯು ಮುಂದೆ ಸಾಗಿ ಕುಳಿಂದನೂ ವಿಷಯೆಯೂ ಬಂದ ಮೇಲೆ ಆ ದಾದಿಯನ್ನು ಯಾರೂ ನೆನೆಯರು. ನಮ್ಮ ಮನೆಯಲ್ಲಿ ಶ್ರಾವಣದಲ್ಲಿ ತಂದೆಯವರು ಜೈಮಿನಿಯನ್ನು ಓದುತ್ತಿದ್ದಾಗ, ಕಂಬಕ್ಕೆ ಒರಗಿ ಬತ್ತಿ ಹೊಸೆಯುತ್ತಿದ್ದ ಅತ್ತೆಯು ಆ ಭಾಗವು ಬಂದರೆ ಕೈಯನ್ನು ನಿಲ್ಲಿಸುತ್ತಿದ್ದಳು. "ಅಣ್ಣಾ, ಆಕಿ ಸತ್ತದ್ದು ಇನ್ನೊಮ್ಮೆ ಓದು" ಎನ್ನುತ್ತಿದ್ದಳು. ತಂದೆಯವರು ಏನೂ ಕೇಳದೆ ಹಾಳೆಯನ್ನು ಹಿಂದಕ್ಕೆ ತಿರುವುತ್ತಿದ್ದರು.